ಈ ಕುರ್ಚಿ ಯಾರದು?

ನಾಟಕದ ತಾಲೀಮಿನಲ್ಲಿ ಕೋಲ್ಮನ್ ಟಾರ್ಪಿ ಬಡವರಿಗಾಗಿ ಕಣ್ಣೀರು ಹಾಕುವುದನ್ನು ಡಿಂಪ್ನಾ ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು ನೋಡುತ್ತಿದ್ದಳು. ಸೂಜಿ ಇದ್ದದ್ದು ಒಳ್ಳೆಯದೇ ಆಯಿತು. ಇಲ್ಲದಿದ್ದರೆ ಏನಾದರೂ ಅಂದುಬಿಡುತ್ತಿದ್ದಳು.

ಮೇಯೊ ಸೀಮೆಯ ಕಡಲಂಚಿನ ಆ ಸಣ್ಣ ಊರಿನ ನಾಟಕ ಮಂಡಳಿಗೆ ಟಾರ್ಪಿಯೇ ಅಧ್ಯಕ್ಷ, ಡಿಂಪ್ನಾ ಉಡುಪು ಹೊಲಿಯುವವಳು. ಈ ಚಳಿಗಾಲಕ್ಕೆ ಅವನು ಮೂರು ನಾಟಕ ಆರಿಸಿದ್ದ. ಒಂದು ಕುಡಿತದ್ದು, ಒಂದು ಮಕ್ಕಳು ಮರೆತ ಮುದುಕಿಯದು, ಕೊನೆಯದು ಬಾಡಿಗೆ ಮನೆಯಿಂದ ಬೀದಿಗೆ ಬಿದ್ದ ಸಂಸಾರದ್ದು. ‘ಊರಿನ ಅಂತಃಕರಣ ಎಬ್ಬಿಸೋ ನಾಟಕಗಳು’ ಎಂದು ಸಿಕ್ಕಿದವರಿಗೆಲ್ಲ ಹೇಳುತ್ತಿದ್ದ. ಬೀದಿಗೆ ಬಿದ್ದವರ ನಾಟಕದಲ್ಲಿ ಅವನದು ಬಾಗಿಲಿಗೆ ಅಡ್ಡ ನಿಂತು ಮನೆಯೊಡೆಯನ ಆಳುಗಳನ್ನು ತಡೆಯುವ ಬಡ ಮೇಷ್ಟರ ಪಾತ್ರ. ವಸಂತದಲ್ಲಿ ಕೌನ್ಸಿಲ್ ಚುನಾವಣೆ. ಅವನು ನಿಲ್ಲುತ್ತಾನೆಂದು ಊರಿಗೆಲ್ಲ ಗೊತ್ತು.

ಊರಿಗೆ ಇನ್ನೊಂದೂ ಗೊತ್ತಿತ್ತು. ಡಿಂಪ್ನಾಳ ಅಣ್ಣ ಮ್ಯಾಲಕಿ ಬ್ರೆಡ್ ವ್ಯಾನ್ ಓಡಿಸಿ, ಮದುವೆಯಾದಂದಿನಿಂದ ಒಂದೇ ಮನೆಯಲ್ಲಿ ಬಾಡಿಗೆಗಿದ್ದವನು. ಹೆಂಡತಿ ಸತ್ತದ್ದೂ ಅಲ್ಲೇ. ಆ ಮನೆ ಟಾರ್ಪಿಯದು. ‘ನನ್ನ ಮಗ ಸಂಸಾರ ಹೂಡ್ತಾನೆ’ ಎಂದು ಹೇಳಿ ಖಾಲಿ ಮಾಡಿಸಿದ. ಸಾಮಾನನ್ನು ಆಳುಗಳು ತಂದು ಜಡಿಮಳೆಯಲ್ಲಿ ರಸ್ತೆಬದಿಗೆ ಇಟ್ಟರು. ಮಗ ಬರಲಿಲ್ಲ. ಬಾಗಿಲ ಪಕ್ಕ ನಂಬರ್ ಒತ್ತಿ ತೆಗೆಯುವ ಬೀಗದ ಕೈ ಪೆಟ್ಟಿಗೆ ಬಂತು, ಬೇಸಿಗೆಯಲ್ಲಿ ದಿನಬಾಡಿಗೆಗೆ ಪ್ರವಾಸಿಗರು ಬಂದರು. ಕಾನೂನಿನಲ್ಲಿ ಎಲ್ಲ ಸರಿಯಿತ್ತು. ಊರು ಹಿಂದಿನಿಂದ ಆಡಿಕೊಂಡಿತು, ಎದುರಿಗೆ ಟಾರ್ಪಿಯ ಕೈ ಕುಲುಕಿತು. ಮ್ಯಾಲಕಿ ತಂಗಿಯ ಹಿಂದಿನ ಕೋಣೆಗೆ ಬಂದ. ಅವನ ಸಾಮಾನು ಅವಳ ಕೊಟ್ಟಿಗೆಯಲ್ಲಿ ತಾಡಪಾಲಿನ ಕೆಳಗೆ ಸೇರಿತು.

ಮೂರು ನಾಟಕಗಳಿಂದ ಒಂದೊಂದು ತುಣುಕು ತೋರಿಸಿ ಊರಿನವರನ್ನು ಸೆಳೆಯುವ ಸಂಜೆ ಹತ್ತಿರವಾಯಿತು. ಮೂರನೆಯ ನಾಟಕದ ಬಡವರ ಅಡುಗೆಮನೆಗೆ ಸಾಮಾನು ಬೇಕಿತ್ತು.

“ನಾನು ತರ್ತೀನಿ” ಎಂದಳು ಡಿಂಪ್ನಾ.

ಆ ಮಂಡಳಿಯಲ್ಲಿ ಸಾಮಾನೆಲ್ಲ ಊರಿನ ಮನೆಗಳಿಂದಲೇ ಎರವಲು. ಹಿಂದೊಮ್ಮೆ ಒಬ್ಬರ ಗಡಿಯಾರ ಇನ್ನೊಬ್ಬರ ಮನೆ ಸೇರಿ, ಎರಡು ಮನೆಗಳವರು ಒಬ್ಬರ ಹೆಣಕ್ಕೆ ಇನ್ನೊಬ್ಬರು ಹೋಗದಷ್ಟು ದ್ವೇಷ ಬೆಳೆಯಿತು. ಅಂದಿನಿಂದ ಒಂದು ಪದ್ಧತಿ. ಪರದೆ ಬಿದ್ದ ಮೇಲೆ ಅಧ್ಯಕ್ಷರೇ ರಂಗದ ಮೇಲೆ ಒಂದೊಂದು ಸಾಮಾನನ್ನೂ ಮುಟ್ಟಿ ‘ಇದು ಯಾರದು?’ ಎಂದು ಕೂಗಬೇಕು. ಒಡೆಯರು ‘ನಂದು’ ಎಂದು ಎದ್ದು ಬಂದು ಎಲ್ಲರೆದುರು ಹೊತ್ತೊಯ್ಯಬೇಕು. ಜನ ಚಪ್ಪಾಳೆ ತಟ್ಟಬೇಕು.

ಆ ಸಂಜೆಯ ದಿನ, ಶನಿವಾರ ಮಧ್ಯಾಹ್ನ, ಸಾಮಾನು ರಂಗಕ್ಕೆ ಬಂತು. ನೀಲಿ ಪಾತ್ರೆ ಕಪಾಟು. ಅದರ ಒಂದು ಬಾಗಿಲಿಗೆ ಮಾತ್ರ ದೋಣಿಯ ಹಸಿರು ಬಣ್ಣ. ನಾಯಿ ಕಚ್ಚಿ ಸವೆದ ಕೈಯ ಮರದ ಕುರ್ಚಿ. ಟಾರ್ಪಿ ಸುತ್ತ ನಡೆದು ನೋಡಿದ.

“ಭಲೇ ಡಿಂಪ್ನಾ! ಎಷ್ಟು ನೈಜವಾಗಿದೆ! ಬಡತನದ ವಾಸನೆ ಹೊಡೀತಿದೆ ನೋಡು. ಎಲ್ಲಿ ಸಿಕ್ತು?”

“ಬೀದಿಬದೀಲಿ ಸಿಕ್ತು ಕಣ್ರೀ.”

ಅವನು ನಕ್ಕ. ಮ್ಯಾಲಕಿಯ ಅಡುಗೆಮನೆಗೆ ಅವನು ಒಮ್ಮೆಯೂ ಕಾಲಿಟ್ಟವನಲ್ಲ. ಬಾಡಿಗೆ ಬ್ಯಾಂಕಿಗೆ ಹೋಗುತ್ತಿತ್ತು. ಊರಿನಲ್ಲಿ ಆ ಕಪಾಟಿನ ಕಪ್ಪಿನಲ್ಲಿ ಚಹಾ ಕುಡಿಯದವನು ಅವನೊಬ್ಬನೇ ಇದ್ದಿರಬೇಕು.

ಚಹಾ ಹಂಡೆಯ ಹತ್ತಿರವಿದ್ದ ಕನ್ಸೆಪ್ಟಾ ಮಾತ್ರ ಹಸಿರು ಬಾಗಿಲನ್ನು ನೋಡಿ ಕೈಯಲ್ಲಿದ್ದ ಬಟ್ಟೆ ಕೆಳಗಿಟ್ಟಳು. ಮ್ಯಾಲಕಿಯ ಹೆಂಡತಿಗೆ ಜೀವದ ಗೆಳತಿ ಅವಳು.

“ಏನೇ ಇದು? ಮ್ಯಾಲಕಿಗೆ ಗೊತ್ತೇನೇ?”

“ಇಲ್ಲ.”

“ಅವನು ಮಾನಿಷ್ಠ ಕಣೇ. ಕೂಗಿದಾಗ ಏಳದೆ ಹೋದ್ರೆ? ನಗೆಪಾಟಲಾಗೋನು ಟಾರ್ಪಿ ಅಲ್ಲ, ನಿಮ್ಮಣ್ಣ.”

ಡಿಂಪ್ನಾಳಿಗೆ ಅದೇ ಭಯ. ಬೆಳಿಗ್ಗೆ ಅಣ್ಣನನ್ನು ಕರೆದಾಗ “ಆ ಮನುಷ್ಯನ ಮುಖ ನೋಡೋಕಾ?” ಎಂದಿದ್ದ. “ನಾನು ಹೊಲಿದ ಬಟ್ಟೆ ನೋಡೋಕೆ ಬಾರೋ” ಎಂದು ಒಪ್ಪಿಸಿದ್ದಳು. ನಿಜ ಹೇಳಿದ್ದರೆ ಅವನು ಬರುತ್ತಿರಲಿಲ್ಲ. ಹೇಳದೆ ತಂದದ್ದು ತಪ್ಪೆಂದು ಅವಳಿಗೆ ಗೊತ್ತಿತ್ತು. ತಪ್ಪಿಗಿಂತ ಸಿಟ್ಟು ದೊಡ್ಡದಿತ್ತು.

ರಂಗಕ್ಕೆ ಹೋಗುವ ಮುಂಚೆ ಮೇಷ್ಟರ ಹರಕು ಕೋಟಿನ ಗುಂಡಿ ಕಿತ್ತುಬಂತು. “ಮೈಮೇಲೇ ಹೊಲಿದುಬಿಡು” ಎಂದ ಟಾರ್ಪಿ. ಡಿಂಪ್ನಾ ಕೋಟಿನ ಅಂಚುಗಳನ್ನೇ ಸೇರಿಸಿ ಎರಡೆಳೆ ದಾರದಲ್ಲಿ ಕತ್ತಿನಿಂದ ಹೊಟ್ಟೆಯವರೆಗೆ ಬಿಗಿಯಾಗಿ ಹೊಲಿದಳು.

ಮೊದಲ ಎರಡು ತುಣುಕುಗಳಿಗೆ ಜನ ನಕ್ಕರು, ಮೂಗೊರೆಸಿಕೊಂಡರು. ಮೂರನೆಯದಕ್ಕೆ ಪರದೆ ಸರಿಯಿತು. ಮುಂದಿನ ಸಾಲಿನಲ್ಲಿ ಒಂದು ಪಿಸುಮಾತು ಹುಟ್ಟಿ, ಗಾಳಿಗೆ ಬಾಗುವ ಓಟ್ಸ್ ಪೈರಿನ ಹಾಗೆ ಹಿಂದಿನವರೆಗೂ ಹರಿಯಿತು. “ಆ ಹಸಿರು ಬಾಗಿಲು ನೋಡ್ರೀ...” “ಕುರ್ಚಿ ಕಚ್ಚಿದ ನಾಯಿ ನಮ್ಮನೆ ಮರಿ ಕಣ್ರೀ!” ಜನ ತನ್ನ ನಟನೆಗೆ ಕರಗಿದರೆಂದುಕೊಂಡ ಟಾರ್ಪಿ ದನಿ ಏರಿಸಿದ.

“ಈ ಹೊಸಿಲು ದಾಟೋಕೆ ಮೊದಲು ನನ್ನ ಹೆಣ ದಾಟಬೇಕು! ಬಡವನ ಒಲೆ ಆರಿಸೋನು ಮನುಷ್ಯನಾ?”

ಹಿಂದಿನಿಂದ ಯಾರೋ “ಅಲ್ಲ” ಎಂದರು. ನಾಟಕದಲ್ಲಿ ಆ ಮಾತಿರಲಿಲ್ಲ.

ಪರದೆ ಬಿದ್ದು ಮತ್ತೆ ಎದ್ದಿತು. ಟಾರ್ಪಿ ಬೆವರೊರೆಸಿ, ಪದ್ಧತಿಯಂತೆ ಕುರ್ಚಿಯ ಮೇಲೆ ಕೈಯಿಟ್ಟ.

“ಈ ಕುರ್ಚಿ ಯಾರದು?”

ಪರದೆಯ ಅಂಚಿನಲ್ಲಿ ಡಿಂಪ್ನಾ ಕೊನೆಯ ಸಾಲಿನತ್ತ ನೋಡಿದಳು. ಮ್ಯಾಲಕಿ ತಲೆ ತಗ್ಗಿಸಿದ್ದ, ಟೊಪ್ಪಿಗೆ ಮೊಣಕಾಲಿನ ಮೇಲಿತ್ತು. ಏಳಪ್ಪಾ, ಅಣ್ಣಾ, ಏಳು.

“ಯಾರದು ಅಂತ ಹೇಳ್ರಪ್ಪಾ, ನಾಚಿಕೆ ಯಾಕೆ?” ಟಾರ್ಪಿ ನಕ್ಕ.

ಆ ‘ನಾಚಿಕೆ’ಗೇ ಇರಬೇಕು, ಮ್ಯಾಲಕಿ ತಲೆಯೆತ್ತಿದ.

“ನಂದು.”

ಅವನು ನಡುದಾರಿಯಲ್ಲಿ ನಿಧಾನವಾಗಿ ಬಂದ. ರಂಗ ಹತ್ತಿದ. ತಂಗಿಯ ಕಡೆ ಒಮ್ಮೆ ನೋಡಿದ ನೋಟಕ್ಕೆ ಅವಳು ಕಣ್ಣು ತಗ್ಗಿಸಿದಳು. ಆಮೇಲೆ ತನ್ನ ಕುರ್ಚಿಯಲ್ಲಿ ಕೂತ.

ಟಾರ್ಪಿಯ ಬಣ್ಣದ ಮುಖದ ಕೆಳಗೆ ಇನ್ನೊಂದು ಬಣ್ಣ ಏರಿತು. “ತಗೊಂಡು ಹೋಗಿ ಮ್ಯಾಲಕಿ” ಎಂದ, ಮೆಲ್ಲಗೆ.

“ಎಲ್ಲಿಗೆ?”

ಚಪ್ಪಾಳೆ ತಟ್ಟಬೇಕಾದ ಹೊತ್ತು. ಒಂದು ಕೈಯೂ ಏಳಲಿಲ್ಲ. ಹಂಡೆಯ ಹತ್ತಿರದಿಂದ ಕನ್ಸೆಪ್ಟಾಳ ದನಿ ಬಂತು.

“ಆ ಮನೆ ಬೀಗದ ಕೈ ಪೆಟ್ಟಿಗೆ ನಂಬರ್ ಹೇಳಿಬಿಡಯ್ಯಾ ಕೋಲ್ಮನ್. ನಾವೇ ಹೊತ್ಕೊಂಡು ಹೋಗಿ ಅದರ ಜಾಗದಲ್ಲಿ ಇಟ್ಟು ಬರ್ತೀವಿ.”

ಮ್ಯಾಲಕಿಗೆ ನಾಯಿಮರಿ ಕೊಟ್ಟಿದ್ದ ಮುದುಕ ಎದ್ದು ನಿಂತ. ಅವನ ಪಕ್ಕದವನು, ಆಮೇಲೆ ಒಂದು ಸಾಲು, ಆಮೇಲೆ ಎಲ್ಲರೂ. ಯಾರೂ ಬೈಯಲಿಲ್ಲ. ಉತ್ತರಕ್ಕೆ ಕಾದು ನಿಂತರು, ಅಷ್ಟೆ. ಬೈದಿದ್ದರೆ ಟಾರ್ಪಿ ತಡೆದುಕೊಳ್ಳುತ್ತಿದ್ದನೇನೋ.

ಅವನು ಪರದೆಯ ಹಿಂದಕ್ಕೆ ಸರಿದು ಬಂದು ಕೋಟನ್ನು ಕಿತ್ತಾಡಿದ. ಹೊಲಿಗೆ ಬಿಡಲಿಲ್ಲ.

“ಡಿಂಪ್ನಾ, ಇದನ್ನ ಬಿಚ್ಚು. ಬೇಗ. ಹಿಂದಿನ ಬಾಗಿಲಿಂದ ಹೋಗ್ತೀನಿ.”

ಹಿಂದಿನ ಬಾಗಿಲಿಂದ ಹೋದರೂ ಊರಿನ ನಡುಬೀದಿಯಲ್ಲೇ ನಡೆಯಬೇಕು. ಕತ್ತರಿ ಅವಳ ಕೊರಳ ಪಟ್ಟಿಯಲ್ಲಿ ತೂಗುತ್ತಿತ್ತು. ಇಬ್ಬರೂ ಅದನ್ನು ನೋಡಿದರು.

“ಬೇಡ ಕಣ್ರೀ, ಹಾಕ್ಕೊಂಡೇ ಹೋಗಿ” ಎಂದಳು ಡಿಂಪ್ನಾ. “ಹೊರಗೆ ಮಳೆ. ಸಾಮಾನು ನೆನೆದ್ರೆ ಏನಾಗುತ್ತೆ ಅಂತ ನಿಮಗೂ ಗೊತ್ತಾಗ್ಲಿ.”

ಆಮೇಲೆ ಅಣ್ಣನಿಗೆ ಒಂದು ಕಪ್ ಚಹಾ ತೆಗೆದುಕೊಂಡು ರಂಗಕ್ಕೆ ಹೋದಳು. ಅವನು ಕಪ್ ಈಸಿಕೊಂಡ, ಅವಳ ಮುಖ ನೋಡಲಿಲ್ಲ.

“ನನ್ನನ್ನ ಕೇಳದೆ ತಂದುಬಿಟ್ಟೆ” ಎಂದ.

“ಹೂಂ, ತಂದೆ.”

ಅವನು ಒಂದು ಗುಟುಕು ಕುಡಿದು, ಸವೆದ ಕುರ್ಚಿಯ ಕೈಯನ್ನು ಹೆಬ್ಬೆರಳಿನಿಂದ ಉಜ್ಜಿದ. “ಕಪಾಟು ಭಾರ. ಎತ್ತೋಕೆ ನಾಲ್ಕು ಜನ ಬೇಕು.”

ಅವಳು ಸಭಾಂಗಣದ ಕಡೆ ತಿರುಗಿ ನೋಡಿದಳು. ಜನ ಆಗಲೇ ಅಂಗಿಯ ತೋಳು ಮೇಲಕ್ಕೆ ಮಡಿಸಿಕೊಳ್ಳುತ್ತಿದ್ದರು.