ಬೇಬೆಯ ಮೋಟಾರು

ಗುರುದ್ವಾರದಲ್ಲಿ ಬಂದವರಿಗೆಲ್ಲ ಊಟ ಹಾಕುವ ಲಂಗರಿನ, ರೊಟ್ಟಿ ಬೇಯಿಸುವ ದೊಡ್ಡ ತವೆಗೆ ಹೊಸ ಚೌಕಟ್ಟು ಬೇಕಾಗಿತ್ತು. ಅಂಗಡಿಯ ಕಬ್ಬಿಣ ಬೇಡ, ಮನೆಮನೆಯ ಗುಜರಿಯಿಂದಲೇ ಆಗಲಿ ಎಂದು ನಮ್ಮೂರು ತೀರ್ಮಾನಿಸಿತು. ಮುರಿದ ನೇಗಿಲು, ತೂತುಬಿದ್ದ ಬಕೆಟ್ಟು, ಸುಟ್ಟ ಮೋಟಾರು, ಎಲ್ಲವೂ ಟ್ರಾಲಿ ಹತ್ತಿ ಗೋಬಿಂದಗಢದ ಒಂದು ಸಣ್ಣ ಕುಲುಮೆಗೆ ಹೋಗಿ, ಒಟ್ಟಿಗೆ ಕರಗಿ, ಪಟ್ಟಿಗಳಾಗಿ ಬಂದವು.

ಬೆಸೆಯುವ ಸೇವೆ ವೆಲ್ಡರ್ ಮುಖ್ತಿಯಾರನದು. ಅವನು ಬೆಸುಗೆ ಹಾಕಿ, ಮುಖ ಒರೆಸಿಕೊಂಡು ಲಸ್ಸಿಯ ಲೋಟ ಎತ್ತುವಷ್ಟರಲ್ಲಿ ಟಿಕ್ ಎಂದು ಸದ್ದು. ನೋಡಿದರೆ ಬೆಸುಗೆ ನಟ್ಟನಡುವೆ ಸೀಳಿದೆ. ಬೆಸುಗೆಯ ಕಡ್ಡಿಗೆ ತೇವ ಹಿಡಿದಿರಬೇಕೆಂದು ಯಾರೋ ಹೇಳಿದರು. ರೊಟ್ಟಿ ಸುಟ್ಟ ತಂದೂರಿನಲ್ಲೇ ಕಡ್ಡಿಗಳನ್ನು ಒಣಗಿಸಿ, ಹೆಂಡತಿಯಿಂದ ಬೈಸಿಕೊಂಡು, ಮತ್ತೆ ಬೆಸೆದ. ಮತ್ತೆ ಟಿಕ್. ದೃಷ್ಟಿಯಾಗಿದೆಯೆಂದು ಯಾರೋ ಅವನ ಯಂತ್ರಕ್ಕೆ ಹಳೆಯ ಚಪ್ಪಲಿ ಕಟ್ಟಿದರು. ಅದಕ್ಕೂ ಟಿಕ್.

ವೈಸಾಖಿ ಹಬ್ಬ ಬಂದೇಬಿಟ್ಟಿತ್ತು. ನಾಳೆಯೊಳಗೆ ಆಗದಿದ್ದರೆ ಪಕ್ಕದೂರಿನ ವೆಲ್ಡರನನ್ನು ಕರೆಸುತ್ತೇವೆ ಎಂದರು ಗುರುದ್ವಾರದಲ್ಲಿ ಗ್ರಂಥ ಓದುವ ಭಾಯಿಜಿ. ಮುಖ್ತಿಯಾರನಿಗೆ ಮೂಗು ಕೊಯ್ದಂತಾಯಿತು.

ಆ ಸಂಜೆ ಸೀಳಿದ ಪಟ್ಟಿಯನ್ನು ಉಜ್ಜುತ್ತಿದ್ದಾಗ ಬಿರುಕಿನೊಳಗೆ ಕೆಂಪು ಗೆರೆ ಹೊಳೆಯಿತು. ತಾಮ್ರ. ಕಬ್ಬಿಣದೊಳಗೆ ಅದು ಸೇರಿಕೊಂಡರೆ ಕಾದ ಬೆಸುಗೆ ಆರುವಾಗ ಹಿಡಿತ ಬಿಡುತ್ತದೆಂದು ಅವನಿಗೆ ಗೊತ್ತಿತ್ತು.

ಮರುದಿನ ಬೆಳಿಗ್ಗೆ ಗುರುದ್ವಾರದ ಅಂಗಳದಲ್ಲಿ ಎಲ್ಲರೆದುರು ಹೇಳಿದ. ತನ್ನ ಕೈಯಲ್ಲಿ ದೋಷವಿಲ್ಲ, ಯಾರೋ ಗುಜರಿಗೆ ತಾಮ್ರದ ತಂತಿ ಸಮೇತ ಮೋಟಾರು ಹಾಕಿದ್ದಾರೆ ಎಂದ.

ಬೇಳೆ ಆರಿಸುತ್ತಿದ್ದ ಮುದುಕಿ ಧನ್ ಕೌರ್, ಊರಿಗೆಲ್ಲ ಬೇಬೆ ಅಂದರೆ ಅಜ್ಜಿ, ತಲೆಯೆತ್ತಿದಳು. "ನಾನೇ ಹಾಕಿದ್ದು. ನಮ್ಮ ಕೊಳವೆಬಾವಿ ಮೋಟಾರು. ಗುರುವಿಗೆ ಕೊಡೋದರಲ್ಲಿ ಒಳಗಿಂದು ಕಿತ್ಕೊಂಡು ಕೊಡ್ತಾರೇನೋ?"

"ತಾಮ್ರ ತೆಗೆದೇ ಕೊಡ್ಬೇಕಿತ್ತು ಬೇಬೆ."

"ನೀನೂ ನಿನ್ನ ಹಳೇ ಸುಟ್ಟ ವೆಲ್ಡಿಂಗ್ ಮೆಷಿನ್ ಕೊಟ್ಟೆಯಲ್ಲಪ್ಪ. ಅದರ ತಾಮ್ರ ಎಲ್ಲೋಯ್ತು?"

ಇದಕ್ಕೆ ನಿಜ ಹೇಳದಿದ್ದರೆ ತಾಮ್ರದ ಮಾತೇ ನೆಪವೆನಿಸಿ ಪಕ್ಕದೂರಿನವನು ಬರುತ್ತಾನೆ. ಮುಖ್ತಿಯಾರ್ ಪಗಡಿ ಸರಿಮಾಡಿಕೊಂಡ. "ಕಿತ್ತು ಮಾರ್ಕೊಂಡೆ ಬೇಬೆ."

ಬೇಬೆ ಸುತ್ತ ನೋಡಿದಳು. ಮೋಟಾರು ಕೊಟ್ಟಿದ್ದ ಗಂಡಸರೆಲ್ಲ ತಮ್ಮ ತಮ್ಮ ಕಾಲುಬೆರಳು ಎಣಿಸುತ್ತಿದ್ದರು. ಭಾಯಿಜಿಗೆ ಕೆಮ್ಮು ಬಂತು.

"ಇದು ಬೆಸುಗೆಗೆ ಬಗ್ಗಲ್ಲ," ಎಂದ ಮುಖ್ತಿಯಾರ್. "ತೂತು ಕೊರೆದು ಬೋಲ್ಟ್ ಹಾಕ್ತೀನಿ. ನಿಲ್ಲುತ್ತೆ."

ಪಕ್ಕದೂರಿನವನ ಮಾತನ್ನು ಮತ್ತೆ ಯಾರೂ ಎತ್ತಲಿಲ್ಲ. ಮಧ್ಯಾಹ್ನದೊಳಗೆ, ಯಾರೂ ಕೇಳದೆಯೇ, ಮನೆಮನೆಯಿಂದ ಹೊಚ್ಚಹೊಸ ಬೋಲ್ಟುಗಳು ಬಂದು ಬಿದ್ದವು. ಇನ್ನೂ ನಾಲ್ಕು ಚೌಕಟ್ಟಿಗಾಗುವಷ್ಟು.