ಕಾಲುಂಗುರದ ಬೆಳ್ಳಿ

ಬೀದರಿನಲ್ಲಿ ಎರಡು ವರ್ಷ ಬಿದರಿ ಕೆಲಸ ಕಲಿತು ಬಂದ ಮಳಖೇಡದ ಮೈತ್ರಿಗೆ ತನ್ನ ಕೈಯ ಮೇಲೆ ಭಾರಿ ಭರವಸೆ. ಇರಲಿ ಬಿಡಿ, ಕಸುಬು ಬಂದವರಿಗೆ ಅಷ್ಟು ಜಂಬ ಇರಬೇಕಾದದ್ದೇ. ಆದರೆ ಅವತ್ತು ಮಧ್ಯಾಹ್ನ ಹಣಮವ್ವ ಎದುರಿಗೇ ಕುಳಿತಿದ್ದಾಗ ಆ ಜಂಬವೆಲ್ಲ ಇಳಿದುಹೋಯಿತು.

ಹಣಮವ್ವನ ಮಗಳು ತೀರಿಹೋಗಿ ಆರು ವರ್ಷ. ಅವಳದೆಂದು ಉಳಿದಿದ್ದದ್ದು ಒಂದೇ ಒಂದು ಕಾಲುಂಗುರ, ಅದೂ ಸವೆದು ದಾರದಂತಾಗಿತ್ತು. ನಾಳೆ ಗುಂಡಗುರ್ತಿಯಲ್ಲಿ ಮೊಮ್ಮಗಳು ಅಂಬಿಕಾಳ ಮದುವೆ. ಸತ್ತವಳ ಕಾಲುಂಗುರವನ್ನು ಮದುಮಗಳಿಗೆ ಹಾಗೇ ತೊಡಿಸಲಾದೀತೇ? ಆದರೂ ತಾಯಿಯ ಬೆಳ್ಳಿ ಮಗಳ ಕೊರಳಲ್ಲಿ ಇರಲೇಬೇಕೆಂದು ಮುದುಕಿಯ ಹಟ. ಮೈತ್ರಿ ಅದನ್ನು ಕರಗಿಸಿ ತಂತಿ ಎಳೆದಳು. ಜಸ್ತ, ಅಂದರೆ ಸತುವಿನ ಪದಕದ ಮೇಲೆ ಚಾಣದಿಂದ ಗೀರು ಕೊರೆದು, ಆ ಗೀರುಗಳಲ್ಲಿ ತಂತಿ ಕೂರಿಸಿ, ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ಎಂಟು ಎಸಳಿನ ಹೂವು ಮಾಡಿದಳು. ಉಗುರಿನಷ್ಟು ತಂತಿಯೂ ಮಿಗಲಿಲ್ಲ.

ಇನ್ನು ಉಳಿದದ್ದು ಕಪ್ಪು ಹಿಡಿಸುವ ಕೆಲಸ. ಬಿಸಿಲು, ಮಳೆ ಕಾಣದ ಹಳೇ ಕೋಟೆಯ ಮಣ್ಣನ್ನು ನವಸಾಗರದ ಉಪ್ಪಿನ ಜೊತೆ ಕಲಸಿ ಬಿಸಿ ಪದಕಕ್ಕೆ ತಿಕ್ಕಿದರೆ ಜಸ್ತ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಬೀದರಿನಿಂದ ತಂದ ಮಣ್ಣು ಮುಗಿದಿತ್ತು. ನಮ್ಮೂರಲ್ಲೂ ಕೋಟೆ ಇಲ್ಲವೇ ಎಂದು ಮೈತ್ರಿ ಬೆಳಿಗ್ಗೆ ಗೋಡೆಯ ಬುಡದಿಂದ ಒಂದು ಬೊಗಸೆ ಕೆರೆದು ತಂದಿದ್ದಳು. ಉಸ್ತಾದರು ಹೇಳಿಕೊಟ್ಟಂತೆ ನಾಲಿಗೆಗೆ ಹಚ್ಚಿ ನೋಡಿದಾಗ ಚುರುಕ್ ಎಂದಿತ್ತು. ಸುಣ್ಣವೂ ಹಾಗೇ ಚುರುಗುಡುತ್ತದೆಂದು, ಎಂದೂ ಎಲೆ ಅಡಿಕೆ ಹಾಕದ ಹುಡುಗಿಗೆ ಹೊಳೆಯಬೇಕಲ್ಲ!

ತಿಕ್ಕಿದ ಕೂಡಲೇ ಘಾಟು ಮೂಗಿಗೆ ಹೊಡೆದು ಕಣ್ಣಲ್ಲಿ ನೀರು ಬಂತು. ಪದಕ ಕಪ್ಪಾಗಲಿಲ್ಲ. ಮೈತುಂಬ ಬೂದಿಬಣ್ಣದ ಮಚ್ಚೆ ಎದ್ದು ಹೂವೂ ಮಂಕಾಯಿತು. ನಾಳೆಯ ಹೊತ್ತಿಗೆ ತಾನೇ ಕಪ್ಪಾಗುತ್ತದೆ ಎಂದು ಸುಳ್ಳು ಹೇಳಿ ಕಳಿಸಿಬಿಡಲೇ ಎಂಬ ಯೋಚನೆ ಮೈತ್ರಿಗೆ ಬಂದದ್ದೂ ನಿಜ. ಮುದುಕಿಯ ಮುಖ ನೋಡಿ ನಾಲಿಗೆ ಏಳಲಿಲ್ಲ. ಕೆಟ್ಟಿತೆಂದು ಒಪ್ಪಿಕೊಂಡಳು.

ಹಣಮವ್ವ ಬೈಯಲಿಲ್ಲ. ಒಂದು ಚಿಟಿಕೆ ಮಣ್ಣು ಬಾಯಿಗೆ ಹಾಕಿಕೊಂಡು ಥೂ ಎಂದು ಉಗಿದಳು.

“ಗ್ವಾಡಿ ಬುಡದ್ದು ಯಾಕ ತಂದಿ? ಇದರಾಗ ಗಚ್ಚಿನ ಸುಣ್ಣ ಅದ. ನನ್ನ ಮಗಳು ಹೊಟ್ಟ್ಯಾಗಿದ್ದಾಗ ದಿನಾ ಈ ಕ್ವಾಟಿ ಮಣ್ಣೇ ತಿಂದೀನಿ ನಾ. ಏಳು, ತೋರಸ್ತೀನಿ.”

ಗುಂಡಗುರ್ತಿಯ ಬಸ್ಸಿಗೆ ಇನ್ನೆರಡೇ ತಾಸು. ಮುದುಕಿ ಸರಸರ ನಡೆದು, ಕೋಟೆಯೊಳಗೆ ಬಾವಲಿ ವಾಸನೆಯ ಒಂದು ಕತ್ತಲೆ ಕೋಣೆಗೆ ಬಗ್ಗಿ ನುಗ್ಗಿದಳು. ಮೂಲೆಯ ಮಣ್ಣು ಕೆದಕಿ ಮೊದಲು ತಾನು ನೆಕ್ಕಿ, ಆಮೇಲೆ ಮೈತ್ರಿಯ ನಾಲಿಗೆಗೆ ಹಚ್ಚಿದಳು. ಉಪ್ಪುಪ್ಪು, ಹಿಂದೆಯೇ ಖಾರ. ಬೀದರಿನ ಮಣ್ಣಿನದೇ ರುಚಿ.

ಮಣ್ಣೇನೋ ಸಿಕ್ಕಿತು. ಆದರೆ ಮಚ್ಚೆಗಳನ್ನು ಅರದಿಂದ ಉಜ್ಜಿ ತೆಗೆಯದೆ ಕಪ್ಪು ಹಿಡಿಯುವುದಿಲ್ಲ. ಗೀರಿನೊಳಗಿನ ಬೆಳ್ಳಿಯೋ ಜೋಳದ ಹೊಟ್ಟಿನಷ್ಟು ದಪ್ಪ. ಕೈ ಒಂದು ಸಲ ಹೆಚ್ಚಿಗೆ ಆಡಿದರೆ ಸತ್ತವಳ ಬೆಳ್ಳಿ ಪುಡಿಯಾಗಿ ನೆಲಕ್ಕೆ. ಮೈತ್ರಿ ಉಸಿರು ಹಿಡಿದು ಉಜ್ಜಿದಳು, ನಿಂತಳು, ಬೆರಳಾಡಿಸಿ ನೋಡಿದಳು, ಮತ್ತೆ ಉಜ್ಜಿದಳು. ಹಣಮವ್ವ ಸೆರಗಿನ ತುದಿ ಕಚ್ಚಿಕೊಂಡು ಕುಳಿತಿದ್ದಳು. ಏಳು ಎಸಳು ದಾಟಿತು. ಎಂಟನೆಯದರ ಮೇಲೆ ಅರ ತುಸು ಜಾರಿತು.

ಬಿಸಿ ಮಾಡಿ ಹೊಸ ಮಣ್ಣು ತಿಕ್ಕಿದಳು. ಈ ಸಲ ಘಾಟಿಲ್ಲ. ಕಪ್ಪು ಸುರ್ರೆಂದು ಹರಡಿತು, ಅದರ ನಡುವೆ ಹೂವು ಫಳಫಳ ಎದ್ದಿತು. ಎಂಟನೆಯ ಎಸಳು ಮಾತ್ರ ಅರ್ಧಕ್ಕೇ ನಿಂತಿತ್ತು. ಮುಂದಿನ ಗೀರು ಖಾಲಿ, ಬರೀ ಕಪ್ಪು.

ಮೈತ್ರಿಗೆ ಅಳುವೇ ಬಂತು. ತನ್ನ ಡಬ್ಬಿಯಿಂದ ಒಂದು ತುಂಡು ತಂತಿ ತೆಗೆದು, ಐದು ನಿಮಿಷದಲ್ಲಿ ತುಂಬಿಕೊಡುತ್ತೇನೆ, ಯಾರಿಗೂ ಗೊತ್ತಾಗುವುದಿಲ್ಲ ಎಂದಳು. ಹಣಮವ್ವ ಅವಳ ಕೈ ಹಿಡಿದಳು.

“ಬ್ಯಾಡವ್ವ. ಬ್ಯಾರೇದ್ದು ಹಾಕಬ್ಯಾಡ. ನನ್ನ ಮಗಳು ಎಷ್ಟು ಉಳದಾಳ, ಅಷ್ಟೇ ಇರ್ಲಿ.”