ಟೀಚರಮ್ಮನ ಅಳತೆ ಬೀದಿಗೆ ಬಿದ್ದದ್ದು

ಬೀದಿಯವರೆಲ್ಲ ಟೈಲರಕ್ಕ ಅಂತ ಕರೆಯುವ ಆಕೆ ಆಗಷ್ಟೇ ಅಂಗಡಿ ತೆಗೆದು ಮೆಷಿನ್ನಿಗೆ ಎಣ್ಣೆ ಬಿಡುತ್ತಿದ್ದಳು. ಹಳೇ ಗಿರಾಕಿ ಟೀಚರಮ್ಮ ಒಳಗೆ ಬಂದರು. ಕೂರಿ ಅಂದರೂ ಕೂರಲಿಲ್ಲ.

"ನನ್ನ ಮೈ ಅಳತೆ ಯಾರ್ಯಾರಿಗೆ ಕೊಟ್ಟಿದ್ದೀಯಮ್ಮ?" ಅಂದರು.

ಟೈಲರಕ್ಕ ಕಣ್ಣು ಕಣ್ಣು ಬಿಟ್ಟಳು. ಹಿಂದಿನ ದಿನ ಯಾವನೋ ಟೀಚರಮ್ಮನಿಗೆ ಫೋನ್ ಮಾಡಿ, ಹೆಸರು ಹಿಡಿದು ಕರೆದು, ಹೊಸ ಗೌನಿನ ಅಳತೆಯನ್ನೆಲ್ಲ ಓದಿ ಹೇಳಿದ್ದನಂತೆ. ಓದುತ್ತಾ ನಗುತ್ತಿದ್ದನಂತೆ.

"ಟೇಪು ಹಿಡಿದವಳು ನೀನು. ನಿನ್ನನ್ನ ನಂಬಿ ಕೈ ಎತ್ತಿ ನಿಂತಿದ್ದೆ. ಪೊಲೀಸರಿಗೆ ದೂರು ಕೊಟ್ಟೇ ಇಲ್ಲಿಗೆ ಬಂದಿದ್ದೀನಿ." ಅಷ್ಟು ಹೇಳಿ ಹೊರಟೇಹೋದರು.

ಟೈಲರಕ್ಕನ ಮೈಯೆಲ್ಲ ಉರಿದುಹೋಯಿತು. ಒಳಗೆ ಬಟ್ಟೆ ಕತ್ತರಿಸುತ್ತಿದ್ದ ಗಂಡನನ್ನು ಕೇಳಿದಳು, "ಅಳತೆ ಚೀಟಿ ಏನು ಮಾಡಿದಿರಿ?"

"ಎಂದಿನ ಹಾಗೆ ಫೋಟೋ ತೆಗೆದು ಗುಂಪಿಗೆ ಹಾಕಿದೆ."

ಗುಂಪು ಅಂದರೆ ಫೋನಿನ ಚಾಟ್ ಗುಂಪು. ಕಸೂತಿಯವರು, ಗುಂಡಿಯವರು, ಇಸ್ತ್ರಿಯವರು ಎಲ್ಲ ಅದರಲ್ಲೇ. ಚೀಟಿಯಲ್ಲಿ ಹೆಸರೂ ಇತ್ತು, ಫೋನ್ ನಂಬರೂ ಇತ್ತು.

ಮಾತು ಕೇಳಿಸಿ ಎದುರು ಸಾಲಿನಿಂದ ನಾದಿನಿ ಬಂದಳು. ಕಸೂತಿ ಅಂಗಡಿ ಅವಳದು. ಗಂಡ ಕತ್ತರಿ ಕೆಳಗಿಟ್ಟು, "ಯಾವನು ಅಂತ ಗೊತ್ತಾಗಲಿ, ಕತ್ತಿನ ಪಟ್ಟಿ ಹಿಡೀತೀನಿ" ಅಂದ.

"ಯಾರ ಪಟ್ಟಿ ಹಿಡೀತೀಯಣ್ಣ?" ಅಂದಳು ನಾದಿನಿ. "ಕೆಲಸ ಬಿಟ್ಟು ಹೋದವರೂ ಆ ಗುಂಪಲ್ಲಿದ್ದಾರೆ. ಯಾರದ್ದು ಅಂತಲೇ ಗೊತ್ತಿಲ್ಲದ ನಂಬರುಗಳಿವೆ. ಅದಕ್ಕೇ ನಾನು ಹೊರಗೆ ಬಂದೆ, ಚೀಟಿ ಕಳಿಸೋಕೆ ಭದ್ರವಾದ ದಾರಿ ಇದೆ ಅಂತ ನಿನಗೂ ಹೇಳಿದೆ. ನೀನು ನಕ್ಕುಬಿಟ್ಟೆ."

"ಅದೆಲ್ಲ ದೊಡ್ಡ ಕಂಪನಿಯವರ ಶೋಕಿ. ನಾವು ಸೂಜಿ ದಾರದವರು" ಅಂದ ಗಂಡ.

ಟೈಲರಕ್ಕನಿಗೆ ತಡೆಯಲಾಗಲಿಲ್ಲ. "ಮಾನ ಸಣ್ಣ ಅಂಗಡಿಯಲ್ಲಿ ಹೋದರೆ ಸಣ್ಣದಾಗಿ ಹೋಗುತ್ತೇನ್ರೀ?" ಅಂದಳು. ಆಮೇಲೆ ನಾದಿನಿಯ ಕಡೆ ತಿರುಗಿ, "ನೀನು ಹೇಗೆ ಕಳಿಸ್ತೀಯ, ಹೇಳು" ಅಂದಳು.

"ವೆಬ್ಬಿನಲ್ಲೇ ಅತ್ತಿಗೆ. ನನ್ನ ಜೊತೆ ಕೆಲಸ ಹಂಚಿಕೊಳ್ಳೋ ಅಂಗಡಿಯವರೂ ನಾನೂ ಆರ್ಡರ್ ಬರೆಯೋಕೆ ಒಂದೇ ನಮೂನೆ ಒಪ್ಪಿಕೊಂಡಿದ್ದೀವಿ. ಒಬ್ಬೊಬ್ಬರು ಒಂದೊಂದು ಸಾಫ್ಟ್‌ವೇರ್ ಇಟ್ಟುಕೊಂಡರೂ ಆ ನಮೂನೆ ಎಲ್ಲದಕ್ಕೂ ಅರ್ಥವಾಗುತ್ತೆ. ಮಾಹಿತಿ ಬೀಗ ಹಾಕಿದ ಹಾಗೆ ಹೋಗುತ್ತೆ, ದಾರಿಯಲ್ಲಿ ಯಾರೂ ಓದೋಕಾಗಲ್ಲ. ಪಾಸ್‌ವರ್ಡ್ ಹಾಕಿ, ಫೋನಿಗೆ ಬರೋ ಕೋಡೂ ಕೊಟ್ಟರೇನೇ ಒಳಗೆ ಬಿಡೋದು. ಕೆಲಸ ಬಿಟ್ಟವನಿಗೆ ಅವತ್ತೇ ಬಾಗಿಲು ಬಂದ್. ಯಾರು ಯಾವಾಗ ನೋಡಿದರು ಅನ್ನೋದೂ ದಾಖಲಾಗುತ್ತೆ."

"ಗಿರಾಕಿ ಹೆಸರು?"

"ಕಸೂತಿ ಹಾಕೋಕೆ ನನಗೆ ಹೆಸರು ಯಾಕೆ? ಆರ್ಡರ್ ನಂಬರ್ ಸಾಕು. ಗುಂಡಿಯವರಿಗೆ ಗುಂಡಿ ವಿಷಯ ಬಿಟ್ಟು ಬೇರೆ ಏನೂ ಹೋಗಲ್ಲ."

"ಇದನ್ನೆಲ್ಲ ಕಲಿಯೋಕೆ ನನಗೆ ಪುರಸೊತ್ತೆಲ್ಲಿದೆ?" ಅಂತ ಗಂಡ ಗೊಣಗಿದ.

ಟೈಲರಕ್ಕ ಅವನ ಫೋನ್ ತೆಗೆದು ಗುಂಪನ್ನು ಮೇಲೆ ಮೇಲೆ ಸರಿಸುತ್ತಾ ಹೋದಳು. ಒಂದು ಕಡೆ ಬೆರಳು ನಿಂತಿತು. ಫೋನನ್ನು ಅವನ ಮುಖಕ್ಕೆ ಹಿಡಿದಳು. ಅದು ಅವರದೇ ಮಗಳ ಚೀಟಿ. ನಾಟಕದ ಉಡುಪಿಗೆ ಅಪ್ಪನೇ ಬರೆದುಕೊಂಡಿದ್ದ ಅಳತೆ, ಮೇಲೆ ಮಗಳ ಹೆಸರು.

ಗಂಡನ ಮುಖ ಬಿಳಿಚಿಕೊಂಡಿತು. "ತಂಗೀ, ಅದನ್ನ ಇವತ್ತೇ ಕಲಿಸಿಕೊಡು" ಅಂದ.

ಅದಕ್ಕೂ ಮೊದಲು ಗಂಡ ಹೆಂಡತಿ ಇಬ್ಬರೂ ಟೀಚರಮ್ಮನ ಮನೆಗೆ ಹೋಗಿ ತಪ್ಪೊಪ್ಪಿಕೊಂಡರು. ಅವರು ಕ್ಷಮಿಸಿದೆ ಅನ್ನಲಿಲ್ಲ. "ಠಾಣೆಗೆ ಬಂದು ಇದನ್ನೇ ಹೇಳಿ" ಅಂದರು. ಹೋಗಿ ಹೇಳಿದರು, ಗುಂಪಿನಲ್ಲಿದ್ದದ್ದನ್ನೆಲ್ಲ ತೋರಿಸಿದರು. ಆಮೇಲೆ ಗುಂಪು ಮುಚ್ಚಿದರು. ಉಳಿದ ಗಿರಾಕಿಗಳಿಗೂ ನಡೆದದ್ದನ್ನು ತಾವೇ ತಿಳಿಸಿದರು. ಕೆಲವರು ಬೈದರು. ಇಬ್ಬರೂ ನಿಂತು ಬೈಸಿಕೊಂಡರು. ಈಗ ಆ ಅಂಗಡಿಯಿಂದ ಒಂದು ಚೀಟಿಯ ಫೋಟೋ ಕೂಡ ಹೊರಗೆ ಹೋಗುವುದಿಲ್ಲ.

ಅಂಗಡಿ ನಡೆಸುವ ಅಣ್ಣಂದಿರೇ, ಅಕ್ಕಂದಿರೇ, ಗಿರಾಕಿ ನಿಮಗೆ ಕೊಟ್ಟ ವಿವರ ನಿಮ್ಮ ಸ್ವತ್ತಲ್ಲ. ಅದನ್ನು ಸಿಕ್ಕ ಸಿಕ್ಕ ಗುಂಪಿಗೆ ಎಸೆಯುವ ಹಕ್ಕು ನಿಮಗೆ ಯಾರೂ ಕೊಟ್ಟಿಲ್ಲ. ನೀವು ಕೆಲಸ ಹಂಚಿಕೊಳ್ಳುವ ಅಂಗಡಿಯವರನ್ನು ಇವತ್ತೇ ಕೂರಿಸಿಕೊಂಡು ಮಾತಾಡಿ. ಎಲ್ಲರೂ ಒಪ್ಪುವ ಒಂದು ನಮೂನೆ, ಒಂದು ಸುರಕ್ಷಿತ ದಾರಿ ಆರಿಸಿಕೊಳ್ಳಿ. ಬೇಕಾದಷ್ಟೇ ಕಳಿಸಿ, ಬೇಕಾದವರಿಗೆ ಮಾತ್ರ ಕಳಿಸಿ. ಯಾರೋ ಅಳುತ್ತಾ ನಿಮ್ಮ ಬಾಗಿಲಿಗೆ ಬರುವ ತನಕ ಕಾಯಬೇಡಿ.